ಜರ್ಮನಿಯಲ್ಲಿ ಅಮ್ಮ, ಮಗನ ಜೊತೆ ಎರಡು ವಾರ: ರೈಲಾ, ಕಾರಾ? ಗೊತ್ತಿರುವವರು ಹೇಳಿ

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 4ಕ್ಕೆ ಮ್ಯೂನಿಕ್‌ಗೆ ಬರುತ್ತಿದ್ದೇವೆ. ನಾನು, ನಮ್ಮ ಮನೆಯವರು, 68 ವರ್ಷದ ಅಮ್ಮ, 9 ವರ್ಷದ ಮಗ. ತಮ್ಮ ಅಲ್ಲೇ ಕೆಲಸದಲ್ಲಿದ್ದಾನೆ, ಉಳಿಯೋದು ಅವನ ಮನೆಯಲ್ಲೇ. ಆದರೆ ಅವನಿಗೆ ರಜೆ ಕಡಿಮೆ. ಹಾಗಾಗಿ ಸುತ್ತಾಟ ಎಲ್ಲಾ ನಮ್ಮಷ್ಟಕ್ಕೆ ನಾವೇ ಮಾಡಬೇಕು.

ನೋಡಬೇಕು ಅಂದುಕೊಂಡಿರೋದು: ನಾಯ್‌ಶ್ವಾನ್‌ಸ್ಟೈನ್ ಕೋಟೆ, ಸಾಲ್ಸ್‌ಬುರ್ಗ್, ಬರ್ಲಿನ್, ಆಮೇಲೆ ರೈನ್ ನದಿ ದಂಡೆಯ ಯಾವುದಾದರೂ ಊರು. ಅಮ್ಮನಿಗೆ ಮಂಡಿ ನೋವಿದೆ. ನಡೆಯುತ್ತಾರೆ, ಆದರೆ ಮೆಟ್ಟಿಲು ಜಾಸ್ತಿ ಆಗಬಾರದು. ಜರ್ಮನ್ ಯಾರಿಗೂ ಬರಲ್ಲ. ಟಿಕೆಟ್ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಕಾರು ಬಾಡಿಗೆಗೆ ತೆಗೆದುಕೊಳ್ಳೋದು ಒಳ್ಳೆಯದಾ, ರೈಲು ಬಸ್ಸಿನಲ್ಲೇ ಆಗುತ್ತಾ?

ಇಸಾರ್_ದಂಡೆ

ಬನ್ನಿ ಬನ್ನಿ, ಒಳ್ಳೆಯ ಸಮಯಕ್ಕೇ ಬರುತ್ತಿದ್ದೀರಿ. ನಾನು ಮೈಸೂರಿನವಳು, ಮ್ಯೂನಿಕ್‌ನಲ್ಲಿ ಸುಮಾರು ವರ್ಷಗಳಿಂದ ಇದ್ದೇನೆ. ಕಾರಿಲ್ಲ, ಬೇಕು ಅಂತಲೂ ಅನಿಸಿಲ್ಲ.

ಮೊದಲು ಒಂದು ವಿಷಯ ತಿಳ್ಕೊಳ್ಳಿ, ಆಮೇಲೆ ಉಳಿದದ್ದೆಲ್ಲ ಸಲೀಸು. ಇಲ್ಲಿ ರೈಲುಗಳಲ್ಲಿ ಎರಡು ಜಾತಿ. ಒಂದು, ಊರೊಳಗಿನ ಮತ್ತು ಆಸುಪಾಸಿನ ಗಾಡಿಗಳು: ಎಸ್-ಬಾನ್ ಅನ್ನೋ ಉಪನಗರ ರೈಲು, ಯು-ಬಾನ್ ಅನ್ನೋ ಮೆಟ್ರೋ, ಟ್ರಾಮ್, ಬಸ್ಸು, ಆರ್‌ಬಿ ಮತ್ತು ಆರ್‌ಇ ಅನ್ನೋ ಪ್ರಾದೇಶಿಕ ರೈಲು. ಇನ್ನೊಂದು, ದೂರ ಓಡುವ ಐಸಿಇ, ಐಸಿ, ಇಸಿ ಗಾಡಿಗಳು. ಟಿಕೆಟ್ ಲೆಕ್ಕ ಎರಡಕ್ಕೂ ಪೂರ್ತಿ ಬೇರೆ. ಮೊದಲನೆಯದರಲ್ಲಿ ಯಾವಾಗ ಬೇಕಾದರೂ ಹತ್ತಿ, ದರ ಬದಲಾಗಲ್ಲ. ಎರಡನೆಯದು ನಮ್ಮ ವಿಮಾನದ ಟಿಕೆಟ್ ಇದ್ದ ಹಾಗೆ. ಬೇಗ ಕೊಂಡರೆ ಅಗ್ಗ, ತಡ ಮಾಡಿದಷ್ಟೂ ದುಬಾರಿ.

ಮೊದಲ ಜಾತಿಗೆ ಡಾಯ್ಚ್‌ಲಾಂಟ್ ಟಿಕೆಟ್ ಇದೆ, ಎಲ್ಲರೂ ಡಿ-ಟಿಕೆಟ್ ಅಂತಾರೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಒಂದು ತಿಂಗಳು ಇಡೀ ದೇಶದ ಪ್ರಾದೇಶಿಕ ರೈಲು, ಮೆಟ್ರೋ, ಟ್ರಾಮ್, ಊರ ಬಸ್ಸು ಎಲ್ಲದರಲ್ಲೂ ಓಡಾಡಬಹುದು. ಐಸಿಇ, ಐಸಿ, ಇಸಿಗಳಲ್ಲಿ ನಡೆಯಲ್ಲ. ಇಲ್ಲಿ ವಾಸ ಇರಲೇಬೇಕು ಅನ್ನೋ ನಿಯಮ ಇಲ್ಲ, ಪ್ರವಾಸಕ್ಕೆ ಬಂದವರೂ ತೆಗೆದುಕೊಳ್ಳಬಹುದು.

ನಿಮ್ಮ ಪ್ರವಾಸ ಪೂರ್ತಿ ಸೆಪ್ಟೆಂಬರ್ ಒಳಗೇ ಬರುತ್ತೆ ಅನ್ನೋದು ದೊಡ್ಡ ಅನುಕೂಲ. ಈ ಟಿಕೆಟ್ ಕ್ಯಾಲೆಂಡರ್ ತಿಂಗಳಿಗೆ ಲೆಕ್ಕ. ಆಗಸ್ಟ್ ಕೊನೆಗೆ ಬಂದು ಸೆಪ್ಟೆಂಬರ್ ಮಧ್ಯದಲ್ಲಿ ಹೋಗೋರು ಎರಡು ತಿಂಗಳ ದುಡ್ಡು ಕೊಡಬೇಕಾಗುತ್ತೆ.

ಧಾರವಾಡದಾಂವ

ನಾನು ಸ್ಟುಟ್‌ಗಾರ್ಟ್ ಕಡೆ ಇರುವವನು. ನನ್ನ ಅಭಿಪ್ರಾಯ ಬೇರೆ. ವಯಸ್ಸಾದವರು, ಮಗು ಎರಡೂ ಇದ್ದರೆ ಕಾರೇ ಚಲೋ. ನಾಲ್ಕು ಜನಕ್ಕೆ ಒಂದೇ ಬಾಡಿಗೆ. ಇಲ್ಲಿನ ಹೆದ್ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ. ಅಮ್ಮನವರು ಪ್ಲಾಟ್‌ಫಾರ್ಮಿಂದ ಪ್ಲಾಟ್‌ಫಾರ್ಮಿಗೆ ಓಡೋದು ತಪ್ಪುತ್ತೆ. ಸಾಮಾನು ಡಿಕ್ಕಿಯಲ್ಲಿ ಹಾಕಿ ಹೊರಟರಾಯಿತು.

ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಅನ್ನು ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಬನ್ನಿ. ಗೇರ್ ಗಾಡಿ ಬೇಡ, ಆಟೋಮ್ಯಾಟಿಕ್ ಕೇಳಿ. ಎಡಗಡೆ ಕೂತು ಬಲಗಡೆ ಓಡಿಸಬೇಕು, ಒಂದು ದಿನ ಕಷ್ಟ ಆಗುತ್ತೆ ಅಷ್ಟೇ. ಸಾಲ್ಸ್‌ಬುರ್ಗ್ ದಾಟಿ ಆಸ್ಟ್ರಿಯಾದ ಹೆದ್ದಾರಿಯಲ್ಲಿ ಮುಂದೆ ಹೋದರೆ ಮಾತ್ರ ವಿನ್ಯೆಟ್ ಅನ್ನೋ ಟೋಲ್ ಚೀಟಿ ಕೊಳ್ಳಬೇಕು. ಗಡಿ ದಾಟೋ ವಿಷಯ ಬಾಡಿಗೆ ಕೊಡುವವರಿಗೂ ಮೊದಲೇ ಹೇಳಿಬಿಡಿ.

ತುಂಗಾತೀರ

ಧಾರವಾಡದ ಅಣ್ಣ, ನೀವು ಹೇಳೋದು ಬ್ಲ್ಯಾಕ್ ಫಾರೆಸ್ಟ್‌ಗೆ, ಆಲ್ಗೊಯ್ ಹಳ್ಳಿಗಳಿಗೆ ಸರಿ. ಆದರೆ ಇವರ ಪಟ್ಟಿ ನೋಡಿ: ಮ್ಯೂನಿಕ್, ಬರ್ಲಿನ್, ಸಾಲ್ಸ್‌ಬುರ್ಗ್. ಮೂರೂ ದೊಡ್ಡ ಊರು. ಊರೊಳಗೆ ಕಾರಿದ್ದರೆ ಪಾರ್ಕಿಂಗ್ ಹುಡುಕೋದೇ ಕೆಲಸ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇಯಲ್ಲಿ ನಾಲ್ಕು ಗಂಟೆ ಚಿಲ್ಲರೆ, ಸ್ಪ್ರಿಂಟರ್ ಗಾಡಿ ಸಿಕ್ಕಿದರೆ ನಾಲ್ಕರ ಒಳಗೇ. 2017ರ ಡಿಸೆಂಬರ್‌ನಲ್ಲಿ ಹೊಸ ಮಾರ್ಗ ತೆರೆದ ಮೇಲೆ ಅಷ್ಟು ಬೇಗ ಆಯಿತು. ಅದೇ ದಾರಿ ಕಾರಿನಲ್ಲಿ ಆರು ಗಂಟೆಯಾದರೂ ಬೇಕು. ಓಡಿಸುವವರು ಒಬ್ಬರೇ ಆದರೆ ಅವರ ರಜೆ ಸ್ಟೀರಿಂಗ್ ಹಿಂದೆಯೇ ಕಳೆದುಹೋಗುತ್ತೆ.

ಅಪ್ಪ ಅಮ್ಮ ಬಂದಾಗೆಲ್ಲ ನಾನು ರೈಲಿನಲ್ಲೇ ಕರೆದುಕೊಂಡು ಹೋಗೋದು. ಆದರೆ ಹೇಗೆ ಹೋಗಬೇಕು ಅನ್ನೋದು ಮುಖ್ಯ. ವಯಸ್ಸಾದವರ ಜೊತೆ ಅಗ್ಗದ ದಾರಿ ಹುಡುಕಬೇಡಿ, ಗಾಡಿ ಬದಲಿಸದ ದಾರಿ ಹುಡುಕಿ. ಆ್ಯಪ್ ಆರು ನಿಮಿಷದಲ್ಲಿ ಗಾಡಿ ಬದಲಿಸಿ ಅಂತ ತೋರಿಸುತ್ತೆ. ಹುಡುಗರಿಗೆ ಅದು ಸರಿ. ಮಂಡಿ ನೋವಿರುವ ಅಮ್ಮನಿಗೆ, ಅದೂ ಲಿಫ್ಟ್ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದರೆ, ಆಗುವ ಮಾತಲ್ಲ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಗಾಡಿ ಬದಲಿಸೋಕೆ ಕನಿಷ್ಠ ಎಷ್ಟು ಹೊತ್ತು ಬೇಕು ಅಂತ ನಾವೇ ಹೇಳಬಹುದು. 20 ನಿಮಿಷ ಅಂತ ಇಟ್ಟುಬಿಡಿ. "ನೇರ ಗಾಡಿ ಮಾತ್ರ" ಅಂತ ಆರಿಸೋಕೂ ಬರುತ್ತೆ.

ಐಸಿಇಯಲ್ಲಿ ಟಿಕೆಟ್ ಕೊಂಡ ಮಾತ್ರಕ್ಕೆ ಸೀಟು ಸಿಗಲ್ಲ. ಸೀಟು ಕಾಯ್ದಿರಿಸೋಕೆ ಬೇರೆ ದುಡ್ಡು, ಎರಡನೇ ದರ್ಜೆಯಲ್ಲಿ ತಲೆಗೆ ಐದೂವರೆ ಯೂರೋ. ಅದನ್ನ ಉಳಿಸೋಕೆ ಹೋಗಬೇಡಿ. ನಾಲ್ಕು ಜನ ಎದುರುಬದುರು ಕೂರುವ ಮೇಜಿನ ಸೀಟು ಆರಿಸಿ, ಮಗ ಇರೋದರಿಂದ ಕುಟುಂಬದವರ ಬೋಗಿ ಸಿಗುತ್ತಾ ನೋಡಿ. "ರೂಎ" ಅಂತ ಬರೆದ ಬೋಗಿ ಬೇಡ, ಅದು ಮಾತಾಡದೆ ಕೂರುವವರಿಗೆ.

ಇನ್ನೊಂದು, ಅಮ್ಮನಿಗೆ ಮೊದಲೇ ಹೇಳಿಟ್ಟಿರಿ. ಫ್ರಾಂಕ್‌ಫರ್ಟ್, ಲೈಪ್‌ಜಿಗ್, ಸ್ಟುಟ್‌ಗಾರ್ಟ್ ಥರದ ನಿಲ್ದಾಣಗಳಲ್ಲಿ ಹಳಿ ಅಲ್ಲಿಗೇ ಮುಗಿಯುತ್ತೆ. ಗಾಡಿ ಒಳಗೆ ಬಂದು, ನಿಂತು, ಬಂದ ಕಡೆಗೇ ಹೊರಡುತ್ತೆ. "ಅಯ್ಯೋ, ವಾಪಸ್ ಹೋಗ್ತಾ ಇದೆ, ಇಳೀರಿ ಇಳೀರಿ" ಅಂತ ನಮ್ಮಮ್ಮ ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿದ್ದರು. ಎದುರು ಸೀಟಿನ ಅಜ್ಜಿ ಭಾಷೆ ಬಾರದಿದ್ದರೂ ಕೈ ಹಿಡಿದು ಕೂರಿಸಿದರು, ಕೈಸನ್ನೆಯಲ್ಲೇ ಗಾಡಿ ಹೇಗೆ ತಿರುಗುತ್ತೆ ಅಂತ ತೋರಿಸಿದರು.

ಬೆಣ್ಣೆನಗರಿ

ತುಂಬಾ ಥ್ಯಾಂಕ್ಸ್, ಎಷ್ಟೋ ಸಮಾಧಾನ ಆಯಿತು. ಎರಡು ಪ್ರಶ್ನೆ. ಬೆಂಗಳೂರಿನಿಂದ ನೇರ ವಿಮಾನದಲ್ಲೇ ಬರುತ್ತಿದ್ದೇವೆ. ಮ್ಯೂನಿಕ್ ಏರ್‌ಪೋರ್ಟ್‌ನಿಂದ ಊರೊಳಗೆ ಹೇಗೆ? ತಮ್ಮನಿಗೆ ಆ ದಿನ ಬರೋಕೆ ಆಗದಿದ್ದರೆ ನಾವೇ ಹೋಗಬೇಕು. ಆಮೇಲೆ ಡಿ-ಟಿಕೆಟ್ ಎಲ್ಲಿ ಕೊಳ್ಳೋದು? ಮಗನಿಗೂ ಬೇಕಾ?

ಇಸಾರ್_ದಂಡೆ

ಏರ್‌ಪೋರ್ಟ್ ಅಡಿಯಲ್ಲೇ ಎಸ್-ಬಾನ್ ನಿಲ್ದಾಣ ಇದೆ. ಎಸ್1, ಎಸ್8 ಎರಡು ಗಾಡಿ, ಎರಡೂ ಬೇರೆ ಬೇರೆ ದಿಕ್ಕಿನಿಂದ ಸುತ್ತಿ ಊರ ಮಧ್ಯಕ್ಕೇ ಬರುತ್ತವೆ. ಮುಖ್ಯ ನಿಲ್ದಾಣ ಹಾಪ್ಟ್‌ಬಾನ್‌ಹೋಫ್‌ಗೆ ಮುಕ್ಕಾಲು ಗಂಟೆ ಹತ್ತಿರ. ಬರುವಾಗ ಯಾವುದು ಹತ್ತಿದರೂ ನಡೆಯುತ್ತೆ.

ವಾಪಸ್ ಹೋಗುವಾಗ ಎಚ್ಚರ. ಎಸ್1 ನಾಯ್‌ಫಾರ್ನ್ ಅನ್ನೋ ಊರಲ್ಲಿ ಎರಡಾಗಿ ಕತ್ತರಿಸಿಕೊಳ್ಳುತ್ತೆ. ಹಿಂದಿನ ಭಾಗ ಏರ್‌ಪೋರ್ಟ್‌ಗೆ, ಮುಂದಿನ ಭಾಗ ಫ್ರೈಸಿಂಗ್‌ಗೆ. ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಬೋರ್ಡು ನೋಡಿ, ಯಾವ ಭಾಗ ಎಲ್ಲಿ ನಿಲ್ಲುತ್ತೆ ಅಂತ ಅಕ್ಷರದಲ್ಲಿ ಬರೆದಿರುತ್ತೆ. ಬೋಗಿಯೊಳಗಿನ ಪರದೆಯ ಮೇಲೂ ವಿಮಾನದ ಚಿತ್ರ ಕಾಣುತ್ತೆ. ತಪ್ಪು ಭಾಗದಲ್ಲಿ ಕೂತಿದ್ದರೆ ನಾಯ್‌ಫಾರ್ನ್‌ನಲ್ಲಿ ಇಳಿದು ಹಿಂದಕ್ಕೆ ಓಡಬೇಕು, ಸೂಟ್‌ಕೇಸ್ ಸಮೇತ. ಅಮ್ಮನವರು ಇರೋದರಿಂದ ಎಸ್8ರಲ್ಲೇ ಹೋಗಿಬಿಡಿ, ಅದು ಕತ್ತರಿಸಿಕೊಳ್ಳಲ್ಲ. ವಾರಾಂತ್ಯದಲ್ಲಿ ಊರ ಮಧ್ಯದ ಸುರಂಗದಲ್ಲಿ ಕಾಮಗಾರಿ ಅಂತ ಗಾಡಿ ನಿಲ್ಲಿಸೋದು ಆಗಾಗ ಇದೆ. ಹಿಂದಿನ ರಾತ್ರಿಯೇ ಆ್ಯಪ್ ನೋಡಿಕೊಳ್ಳಿ.

ಡಿ-ಟಿಕೆಟ್ ಫೋನಿನಲ್ಲೇ ಸಿಗುತ್ತೆ. ಬೇರೆ ಬೇರೆ ಊರಿನ ಸಾರಿಗೆ ಸಂಸ್ಥೆಗಳ ಆ್ಯಪ್‌ಗಳಲ್ಲಿ ಮಾರುತ್ತಾರೆ, ಎಲ್ಲಿ ಕೊಂಡರೂ ದೇಶಪೂರ್ತಿ ನಡೆಯುತ್ತೆ. ಕೆಲವು ಕಡೆ ಜರ್ಮನ್ ಬ್ಯಾಂಕ್ ಖಾತೆ ಕೇಳುತ್ತಾರೆ. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವ ಆ್ಯಪ್ ಆರಿಸಿ, ತಮ್ಮನಿಗೆ ಹೇಳಿದರೆ ಹುಡುಕಿ ಕೊಡ್ತಾನೆ. ಬಹಳ ಮುಖ್ಯ ವಿಷಯ: ಇದು ಚಂದಾ. ನೀವಾಗಿ ನಿಲ್ಲಿಸದಿದ್ದರೆ ಅಕ್ಟೋಬರ್‌ಗೂ ದುಡ್ಡು ಕಡಿತ ಆಗುತ್ತೆ. ಸೆಪ್ಟೆಂಬರ್ ಕೊನೆಗೆ ನಿಲ್ಲಬೇಕು ಅಂದರೆ ಸೆಪ್ಟೆಂಬರ್ 10ರ ಒಳಗೆ ರದ್ದು ಮಾಡಬೇಕು. ನಿಮ್ಮ ವಿಷಯದಲ್ಲಿ, ಕೊಂಡ ಮಾರನೇ ದಿನವೇ ರದ್ದು ಒತ್ತಿಬಿಡಿ. ತಿಂಗಳ ಕೊನೆ ತನಕ ಟಿಕೆಟ್ ನಡೆಯುತ್ತೆ.

ಪ್ರತಿಯೊಬ್ಬರಿಗೂ ಅವರವರ ಹೆಸರಿನ ಟಿಕೆಟ್, ಬದಲಾಯಿಸಿಕೊಳ್ಳುವ ಹಾಗಿಲ್ಲ. ಚೆಕಿಂಗ್‌ಗೆ ಬಂದವರು ಗುರುತಿನ ಚೀಟಿ ಕೇಳಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಿಮ್ಮ ಮಗನಿಗೆ 9, ಅವನಿಗೆ ಬೇಕು. ಅವನಿಗೂ 63 ಯೂರೋ ಕೊಡುವ ಮುಂಚೆ ಲೆಕ್ಕ ಹಾಕಿ. ಊರೊಳಗೆ ಮಕ್ಕಳ ಟಿಕೆಟ್ ಅಗ್ಗ. ದೂರದ ಎರಡು ಮೂರು ದಿನ ಮಾತ್ರ ಅವನ ಟಿಕೆಟ್ ದೊಡ್ಡದಾಗುತ್ತೆ.

ಆಖೆನ್_ವಿದ್ಯಾರ್ಥಿ

ಅಕ್ಕ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಒಳಗೆ ಓಡಾಡೋಕೆ ಬಯರ್ನ್ ಟಿಕೆಟ್ ಕೂಡ ಇದೆ, ಅದನ್ನೂ ನೋಡಿ. ಒಂದು ದಿನದ್ದು. ಐದು ಜನರ ತನಕ ಒಂದೇ ಟಿಕೆಟ್. ಸ್ವಂತ ಮಕ್ಕಳು ಅಥವಾ ಮೊಮ್ಮಕ್ಕಳು 15ರ ಒಳಗಿದ್ದರೆ ಅವರಿಗೆ ದುಡ್ಡಿಲ್ಲ. ಸಾಲ್ಸ್‌ಬುರ್ಗ್ ತನಕವೂ ನಡೆಯುತ್ತೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಮಾರನೇ ಬೆಳಗಿನ ಜಾವ 3ರ ತನಕ. 8.50ರ ಗಾಡಿ ಹತ್ತಿದರೆ ಟಿಕೆಟ್ ಇಲ್ಲದ ಹಾಗೇ ಲೆಕ್ಕ. ಶನಿವಾರ ಭಾನುವಾರ ಆ ಕಟ್ಟು ಇಲ್ಲ. ಡಿ-ಟಿಕೆಟ್‌ಗೆ ಯಾವ ದಿನವೂ ಸಮಯದ ಕಟ್ಟು ಇಲ್ಲ.

ನಮಗೆ ವಿದ್ಯಾರ್ಥಿಗಳಿಗೆ ಡಿ-ಟಿಕೆಟ್ ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುತ್ತೆ, ಪೂರ್ತಿ ದರದ ನೂರಕ್ಕೆ 60ರಷ್ಟು ಮಾತ್ರ. ಬರೀ ಅದರಲ್ಲೇ ನಾನು ಬರ್ಲಿನ್, ಡ್ರೆಸ್ಡೆನ್, ಹ್ಯಾಂಬರ್ಗ್ ಎಲ್ಲಾ ನೋಡಿದ್ದೇನೆ. ಪ್ರಾದೇಶಿಕ ಗಾಡಿ ಅಂದರೆ ಎಲ್ಲವೂ ನಿಧಾನ ಅಂತಲ್ಲ. ಮ್ಯೂನಿಕ್‌ನಿಂದ ಇಂಗೋಲ್‌ಸ್ಟಾಟ್ ಮೇಲೆ ನ್ಯೂರೆಂಬರ್ಗ್‌ಗೆ ಹೋಗುವ ಆರ್‌ಇ1 ಗಂಟೆಗೆ 200 ಕಿಲೋಮೀಟರ್ ಹತ್ತಿರದ ವೇಗದಲ್ಲಿ, ಐಸಿಇ ಓಡುವ ಹಳಿಯ ಮೇಲೇ ಓಡುತ್ತೆ. ಎರಡು ಗಂಟೆ ಒಳಗೆ ನ್ಯೂರೆಂಬರ್ಗ್. ಡಿ-ಟಿಕೆಟ್ ಸಾಕು. ಹಳೆಯ ಪೇಟೆ, ಬೆಟ್ಟದ ಮೇಲಿನ ಕೋಟೆ, ರೈಲ್ವೆ ಮ್ಯೂಸಿಯಂ ಎಲ್ಲಾ ಇದೆ. ಜರ್ಮನಿಯ ಮೊದಲ ಉಗಿಬಂಡಿ 1835ರಲ್ಲಿ ನ್ಯೂರೆಂಬರ್ಗ್‌ನಿಂದ ಫ್ಯುರ್ಟ್‌ಗೆ ಓಡಿದ್ದು. ನಿಮ್ಮ ಮಗನಿಗೆ ಖಂಡಿತ ಇಷ್ಟ ಆಗುತ್ತೆ.

ಬರ್ಲಿನ್‌ಗೆ ದುಡ್ಡು ಉಳಿಸಬೇಕು ಅಂದರೆ ಡಿ-ಟಿಕೆಟ್‌ನಲ್ಲೇ ಹೋಗಬಹುದು. ಹಗಲು ಪೂರ್ತಿ ಬೇಕು, ಅಷ್ಟೇ. ಇಲ್ಲದಿದ್ದರೆ ಫ್ಲಿಕ್ಸ್‌ಬಸ್ ಇದೆ. ದೂರದ ಬಸ್ಸು ಅನ್ನೋದು ಇಲ್ಲಿ 2013ರ ಜನವರಿಯ ತನಕ ಹೆಚ್ಚುಕಡಿಮೆ ಇರಲೇ ಇಲ್ಲ. ರೈಲಿಗೆ ಪೈಪೋಟಿ ಆಗಬಾರದು ಅಂತ ಹಳೇ ಕಾನೂನು ತಡೆದಿತ್ತು. ಈಗ ಎಲ್ಲಾ ಊರಿಗೂ ಹಸಿರು ಬಸ್ಸು.

ತುಂಗಾತೀರ

ಬರ್ಲಿನ್‌ಗೆ ಪ್ರಾದೇಶಿಕ ಗಾಡಿ ನಿನಗೆ ಸರಿ ತಮ್ಮಾ, ಅವರ ಅಮ್ಮನಿಗೆ ಬೇಡ. ನಾಲ್ಕೈದು ಗಾಡಿ ಬದಲಿಸಬೇಕು, ಒಂದು ತಪ್ಪಿದರೆ ಉಳಿದದ್ದೆಲ್ಲ ಹಿಂದೆ ಬೀಳುತ್ತೆ. ರಾತ್ರಿ ಬಸ್ಸೂ ಬೇಡ.

ಬೆಣ್ಣೆನಗರಿ ಅವರೇ, ಬರ್ಲಿನ್‌ಗೆ ಐಸಿಇ ಟಿಕೆಟ್ ಈಗಲೇ ಕೊಂಡುಬಿಡಿ. "ಸೂಪರ್ ಸ್ಪಾರ್‌ಪ್ರೈಸ್" ಅನ್ನೋದು ಎಲ್ಲಕ್ಕಿಂತ ಅಗ್ಗ, ಆದರೆ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. "ಸ್ಪಾರ್‌ಪ್ರೈಸ್" ಸ್ವಲ್ಪ ಜಾಸ್ತಿ, ರದ್ದು ಮಾಡಿದರೆ ಒಂದಿಷ್ಟು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. "ಫ್ಲೆಕ್ಸ್‌ಪ್ರೈಸ್" ಬಹಳ ದುಬಾರಿ, ಆ ದಿನ ಯಾವ ಗಾಡಿ ಬೇಕಾದರೂ ಹತ್ತಬಹುದು. ಐಸಿಇಯಲ್ಲಿ 6ರಿಂದ 14ರ ಮಕ್ಕಳು ದೊಡ್ಡವರ ಜೊತೆ ಇದ್ದರೆ ಉಚಿತ. ಆದರೆ ಟಿಕೆಟ್ ಕೊಳ್ಳುವಾಗಲೇ ಮಗನನ್ನೂ ಸೇರಿಸಬೇಕು. ಆಮೇಲೆ ಗಾಡಿಯಲ್ಲಿ ಹೇಳಿದರೆ ಆಗಲ್ಲ.

ತಡವಾಗೋದರ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಜರ್ಮನ್ ಗಾಡಿ ಅಂದರೆ ಗಡಿಯಾರ ಅನ್ನೋ ಮಾತು ಈಗ ಇಲ್ಲ. 2024ರಲ್ಲಿ ದೂರದ ಗಾಡಿಗಳಲ್ಲಿ ಸಮಯಕ್ಕೆ ತಲುಪಿದ್ದು ನೂರಕ್ಕೆ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನ ಲೆಕ್ಕಕ್ಕೇ ಹಿಡಿಯದೆ. ಹಳಿಗಳು ಹಳೆಯವು, ಗಾಡಿಗಳು ಜಾಸ್ತಿ, ದುರಸ್ತಿಯನ್ನ ವರ್ಷಾನುಗಟ್ಟಲೆ ಮುಂದೂಡಿದರು. ಈಗ ದೊಡ್ಡ ಮಾರ್ಗಗಳನ್ನೇ ತಿಂಗಳುಗಟ್ಟಲೆ ಮುಚ್ಚಿ ಸರಿ ಮಾಡುತ್ತಿದ್ದಾರೆ. ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ಹಳಿಯನ್ನ 2024ರಲ್ಲಿ ಐದು ತಿಂಗಳು ಹಾಗೇ ಮುಚ್ಚಿದ್ದರು. ಇಂಥ ದೇಶದಲ್ಲಿ ಜನ ದಿನಾ ಇದನ್ನೇ ನಂಬಿ ಬದುಕುತ್ತಿದ್ದಾರೆ, ಹೀಗೆ ಬಿಟ್ಟಿದ್ದು ನನಗೆ ನಿಜಕ್ಕೂ ಬೇಸರ.

ಆದರೆ ಪ್ರಯಾಣಿಕರ ಹಕ್ಕು ಗಟ್ಟಿಯಾಗಿದೆ. ಅಗ್ಗದ ಟಿಕೆಟ್‌ನಲ್ಲಿ ಬರೆದಿರುವ ಗಾಡಿಯಲ್ಲೇ ಹೋಗಬೇಕು. ಆದರೆ ತಲುಪೋದು 20 ನಿಮಿಷ ಅಥವಾ ಹೆಚ್ಚು ತಡ ಆಗುತ್ತೆ ಅಂತ ಗೊತ್ತಾದರೆ ಆ ಕಟ್ಟು ಬಿಚ್ಚಿಹೋಗುತ್ತೆ, ಬೇರೆ ಐಸಿಇ ಹತ್ತಬಹುದು.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಊರಿಂದ ಜಂಕ್ಷನ್ ತನಕ ಡಿ-ಟಿಕೆಟ್, ಅಲ್ಲಿಂದ ಅಗ್ಗದ ಐಸಿಇ ಟಿಕೆಟ್ ಅಂತ ಜೋಡಿಸಿದರೆ ಅವು ಎರಡು ಬೇರೆ ಟಿಕೆಟ್. ಮೊದಲ ಗಾಡಿ ತಡವಾಗಿ ಐಸಿಇ ತಪ್ಪಿದರೆ ಆ ಟಿಕೆಟ್ ಹೋಯಿತು, ಯಾರೂ ಕೇಳಲ್ಲ. ಮನೆ ಬಾಗಿಲ ನಿಲ್ದಾಣದಿಂದ ಕೊನೆಯ ನಿಲ್ದಾಣದ ತನಕ ಒಂದೇ ಟಿಕೆಟ್ ಆಗಿ ಕೊಳ್ಳಿ. ಇಲ್ಲಾ, ನಡುವೆ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ.

ಎಲ್ಬೆ_ಕಡೆಯವನು

ಹ್ಯಾಂಬರ್ಗ್‌ನಿಂದ ನಮಸ್ಕಾರ. ಬರ್ಲಿನ್‌ನಲ್ಲಿ ಪ್ರವಾಸಿ ಬಸ್ಸಿಗೆ ದುಡ್ಡು ಸುರಿಯಬೇಡಿ. 100ನೇ ನಂಬರಿನ ಊರ ಬಸ್ಸು ಪ್ರಾಣಿಸಂಗ್ರಹಾಲಯದ ಪಕ್ಕದ ಜೂ ನಿಲ್ದಾಣದಿಂದ ಅಲೆಕ್ಸಾಂಡರ್‌ಪ್ಲಾಟ್ಸ್ ತನಕ ಹೋಗುತ್ತೆ. ಡಬಲ್ ಡೆಕ್ಕರ್. ಮೇಲಿನ ಅಂತಸ್ತಿನ ಮುಂದಿನ ಸೀಟು ಹಿಡಿದರೆ ವಿಜಯಸ್ತಂಭ, ಸಂಸತ್ತು, ಬ್ರಾಂಡೆನ್‌ಬುರ್ಗ್ ದ್ವಾರದ ಕಡೆ, ಮ್ಯೂಸಿಯಂ ದ್ವೀಪ ಎಲ್ಲಾ ಗಾಜಿನ ಆಚೆಯೇ. ಅಮ್ಮನಿಗೆ ಮೇಲೆ ಹತ್ತೋದು ಕಷ್ಟವಾದರೆ ಕೆಳಗೂ ಚೆನ್ನಾಗಿ ಕಾಣುತ್ತೆ. ಡಿ-ಟಿಕೆಟ್ ನಡೆಯುತ್ತೆ. ರಸ್ತೆ ಕೆಲಸ, ಮೆರವಣಿಗೆ ಇದ್ದ ದಿನ ದಾರಿ ಬದಲಿಸುತ್ತೆ, ಅದಕ್ಕೆ ಬೆಳಿಗ್ಗೆ ಬೇಗ ಹೋಗಿ.

ಬರ್ಲಿನ್‌ನಿಂದ ನಮ್ಮೂರಿಗೂ ಬರೋ ಹಾಗಿದ್ದರೆ, ಲಾಂಡುಂಗ್ಸ್‌ಬ್ರ್ಯುಕೆನ್ ಕಟ್ಟೆಯಿಂದ ಫಿಂಕೆನ್‌ವೆರ್ಡರ್‌ಗೆ ಹೋಗುವ 62ನೇ ನಂಬರ್ ಫೆರಿ ಹತ್ತಿ. ಬಂದರು, ಹಡಗು ರಿಪೇರಿ ಮಾಡುವ ಒಣಗಟ್ಟೆ, ದೊಡ್ಡ ಕಂಟೇನರ್ ಹಡಗು ಎಲ್ಲಾ ನೋಡಬಹುದು. ಅದು ಊರ ಸಾರಿಗೆಯ ಭಾಗ, ಹಾಗಾಗಿ ಡಿ-ಟಿಕೆಟ್ ಸಾಕು. ಪಕ್ಕದಲ್ಲೇ ಪ್ರವಾಸಿ ದೋಣಿಯವರು ಕೂಗಿ ಕೂಗಿ ಕರೆಯುತ್ತಾರೆ, ಅದಕ್ಕೆ ಬೇರೆ ದುಡ್ಡು.

ಮುಂದೆಂದಾದರೂ ಪಶ್ಚಿಮದ ಕಡೆ ಹೋದರೆ ವುಪರ್‌ಟಾಲ್ ಬಿಡಬೇಡಿ. 1901ರಿಂದ ಅಲ್ಲಿ ಗಾಡಿ ಹಳಿಗೆ ತೂಗುಹಾಕಿಕೊಂಡು ನದಿಯ ಮೇಲೆ ಓಡುತ್ತೆ. ಇವತ್ತಿಗೂ ಜನ ಅದರಲ್ಲೇ ಕೆಲಸಕ್ಕೆ ಹೋಗಿಬರುತ್ತಾರೆ.

ಬೆಣ್ಣೆನಗರಿ

ಮಗನಿಗೆ ತೂಗುಗಾಡಿಯ ವಿಷಯ ಓದಿ ಹೇಳಿದೆ. ಈಗ ಅವನ ಹಠ ಶುರು. ಆದರೆ ಈ ಸಲ ಆಗಲ್ಲ.

ಮನೆಯವರ ಜೊತೆ ಕೂತು ಹೀಗೆ ಯೋಚಿಸಿದ್ದೇವೆ. ಕಾರು ಬೇಡ. ಮೂವರು ದೊಡ್ಡವರಿಗೆ ಡಿ-ಟಿಕೆಟ್, ಒಟ್ಟು 189 ಯೂರೋ. ಬರ್ಲಿನ್‌ಗೆ ಹೋಗಿಬರೋಕೆ ಐಸಿಇ. ಕೋಟೆ ಮತ್ತು ಸಾಲ್ಸ್‌ಬುರ್ಗ್ ಒಂದೊಂದು ದಿನ ಹೋಗಿ ಸಂಜೆ ವಾಪಸ್. ರೈನ್ ಬಿಡೋದೋ ಇಡೋದೋ ಗೊತ್ತಾಗುತ್ತಿಲ್ಲ. ಜುಗ್‌ಸ್ಪಿಟ್ಸೆ ಬೆಟ್ಟ ಹತ್ತಿಸಿ ಅಂತ ತಮ್ಮ ಹೇಳುತ್ತಿದ್ದಾನೆ. ತಿದ್ದಿ ಹೇಳಿ.

ಇಸಾರ್_ದಂಡೆ

ಕೋಟೆ: ಮ್ಯೂನಿಕ್‌ನಿಂದ ಫ್ಯುಸೆನ್‌ಗೆ ಪ್ರಾದೇಶಿಕ ಗಾಡಿ, ಎರಡು ಗಂಟೆ. ಕೆಲವು ನೇರ, ಕೆಲವು ನಡುವೆ ಬದಲಿಸಬೇಕು, ನೇರದ್ದೇ ಆರಿಸಿ. ನಿಲ್ದಾಣದ ಎದುರಿನಿಂದಲೇ 73 ಅಥವಾ 78ನೇ ಬಸ್ಸು ಹೊಹೆನ್‌ಶ್ವಾಂಗೌ ಹಳ್ಳಿಗೆ. ಅಲ್ಲಿಗೆ ಡಿ-ಟಿಕೆಟ್ ಮುಗಿಯಿತು. ಅಲ್ಲಿಂದ ಕೋಟೆಗೆ ಏರು ದಾರಿ, ನಡೆದರೆ ಅರ್ಧ ಗಂಟೆ ಮೇಲೆಯೇ. ಅಮ್ಮನಿಗೆ ಕುದುರೆ ಗಾಡಿ ಅಥವಾ ಮೇಲಿನ ತನಕ ಬಿಡುವ ಬಸ್ಸು, ಎರಡಕ್ಕೂ ಬೇರೆ ದುಡ್ಡು. ಎರಡೂ ಕೋಟೆಯ ಬಾಗಿಲ ತನಕ ಹೋಗಲ್ಲ, ಸ್ವಲ್ಪ ನಡೆಯಲೇಬೇಕು. ಕೋಟೆಯೊಳಗೂ ಮೆಟ್ಟಿಲು ಬಹಳ. ಅಮ್ಮ ಕೆಳಗೆ ಆಲ್ಪ್‌ಸೀ ಕೆರೆ ದಂಡೆಯಲ್ಲಿ ಕೂತಿದ್ದರೂ ಚೆನ್ನ, ಅದು ಸಮತಟ್ಟು. ಒಳಗೆ ಹೋಗುವ ಟಿಕೆಟ್‌ನಲ್ಲಿ ಹೊತ್ತು ಬರೆದಿರುತ್ತೆ, ತಪ್ಪಿದರೆ ಬಿಡಲ್ಲ. ಗಾಡಿ ತಡವಾಗಬಹುದು ಅಂತ ಲೆಕ್ಕ ಹಾಕಿ ಮಧ್ಯಾಹ್ನದ ಹೊತ್ತೇ ಹಿಡಿಯಿರಿ.

ಸಾಲ್ಸ್‌ಬುರ್ಗ್: ಡಿ-ಟಿಕೆಟ್ ಅಲ್ಲಿನ ಮುಖ್ಯ ನಿಲ್ದಾಣದ ತನಕ ನಡೆಯುತ್ತೆ, ಪ್ರಾದೇಶಿಕ ಗಾಡಿಯಲ್ಲಿ ಮಾತ್ರ. ಅಲ್ಲಿನ ಊರ ಬಸ್ಸಿಗೆ ಬೇರೆ ಟಿಕೆಟ್. ಅದು ಬೇರೆ ದೇಶ, ವಾಪಸ್ ಬರುವಾಗ ಗಡಿಯಲ್ಲಿ ಜರ್ಮನ್ ಪೊಲೀಸರು ಗಾಡಿ ಹತ್ತಿ ನೋಡುತ್ತಾರೆ. ನಾಲ್ವರ ಅಸಲಿ ಪಾಸ್‌ಪೋರ್ಟ್ ಇರಲೇಬೇಕು, ಫೋಟೋ ನಡೆಯಲ್ಲ.

ಜುಗ್‌ಸ್ಪಿಟ್ಸೆ 2,962 ಮೀಟರ್. ಗಾರ್ಮಿಶ್ ತನಕ ಡಿ-ಟಿಕೆಟ್, ಅಲ್ಲಿಂದ ಮೇಲಿನ ಹಲ್ಲುಗಾಲಿ ರೈಲು, ರೋಪ್‌ವೇ ಬೇರೆ ದರ, ಕಡಿಮೆಯೇನಲ್ಲ. ಮೋಡ ಇದ್ದರೆ ಏನೂ ಕಾಣಲ್ಲ. ನನ್ನನ್ನ ಕೇಳಿದರೆ ಅಮ್ಮನ ಜೊತೆ ಕ್ಯೋನಿಗ್‌ಸೀ ಕೆರೆಗೆ ಹೋಗಿ. ಬೆರ್ಖ್‌ಟೆಸ್‌ಗಾಡೆನ್ ತನಕ ಗಾಡಿ, ಫ್ರೈಲಾಸಿಂಗ್‌ನಲ್ಲಿ ಒಮ್ಮೆ ಬದಲಿಸಬೇಕು, ಆಮೇಲೆ ಬಸ್ಸು. ಕೆರೆಯಲ್ಲಿ 1909ರಿಂದ ಬ್ಯಾಟರಿ ದೋಣಿಗಳೇ ಓಡೋದು, ನೀರು ಅಷ್ಟು ತಿಳಿ. ನಡುವೆ ದೋಣಿ ನಿಲ್ಲಿಸಿ ಒಬ್ಬರು ತುತ್ತೂರಿ ಊದುತ್ತಾರೆ. ಎದುರಿನ ಬಂಡೆ ಅದನ್ನ ಹಾಗೇ ತಿರುಗಿ ಹೇಳುತ್ತೆ. ಮಗನೂ ಅಜ್ಜಿಯೂ ಜೊತೆಗೇ ಖುಷಿಪಡುವ ಜಾಗ ಅದು.

ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಅನ್ನೋ ಬಿಯರ್ ಜಾತ್ರೆ ಶುರುವಾಗೋದು ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ. ಆ ಶನಿವಾರದಿಂದ ಗಾಡಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹೊರಗಿನ ಓಡಾಟವನ್ನ ಅದಕ್ಕೆ ಮುಂಚೆ ಮುಗಿಸಿಕೊಳ್ಳಿ.

ಧಾರವಾಡದಾಂವ

ರೈನ್ ಬಿಡಬೇಡಿ ಅಂತ ನನ್ನ ಮನವಿ. ಮೈಂಟ್ಸ್‌ನಿಂದ ಕೊಬ್ಲೆಂಟ್ಸ್ ಕಡೆ ನದಿಯ ಎಡದಂಡೆಯಲ್ಲಿ ಹೋಗುವ ಪ್ರಾದೇಶಿಕ ಗಾಡಿ ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಬಿಂಗೆನ್ ದಾಟಿದ ಮೇಲೆ ಕೋಟೆ, ದ್ರಾಕ್ಷಿ ತೋಟ, ಮತ್ತೆ ಕೋಟೆ. ಈ ಕಣಿವೆ 2002ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬಾಖರಾಖ್‌ನಲ್ಲಿ ಇಳಿದರೆ ಹಳೆಯ ಮರದ ಮನೆಗಳ ಸಣ್ಣ ಊರು, ಎಲ್ಲವೂ ನಿಲ್ದಾಣದ ಹತ್ತಿರವೇ. ಹೋಗುವಾಗ ರೈಲು, ಬರುವಾಗ ದೋಣಿ ಮಾಡಬಹುದು, ದೋಣಿಗೆ ಬೇರೆ ಟಿಕೆಟ್. ಬರ್ಲಿನ್‌ನಿಂದ ಮ್ಯೂನಿಕ್‌ಗೆ ನೇರ ಬರುವ ಬದಲು ಫ್ರಾಂಕ್‌ಫರ್ಟ್ ಅಥವಾ ಮೈಂಟ್ಸ್‌ನಲ್ಲಿ ಎರಡು ರಾತ್ರಿ ಇದ್ದು ಬಂದರೆ ಸುತ್ತು ಅನಿಸಲ್ಲ.

ನಿಮ್ಮ ಈ ದಾರಿಗೆ ರೈಲೇ ಸರಿ, ಒಪ್ಪಿದೆ. ಆದರೆ ಬ್ಲ್ಯಾಕ್ ಫಾರೆಸ್ಟ್ ಹಳ್ಳಿಗಳಿಗೆ ಬರುವವರು ಯಾರಾದರೂ ಇದನ್ನ ಓದುತ್ತಿದ್ದರೆ, ಭಾನುವಾರ ಬಸ್ಸು ಬಹಳ ಕಮ್ಮಿ ಅನ್ನೋದು ನೆನಪಿರಲಿ. ಅಲ್ಲಿ ಹೋಟೆಲಿನಲ್ಲಿ ಉಳಿದರೆ ಕೋನುಸ್ ಕಾರ್ಡ್ ಕೇಳಿ ಪಡೆಯಿರಿ. ಬಹಳ ಊರುಗಳಲ್ಲಿ ಕೊಡುತ್ತಾರೆ, ಆ ಪ್ರದೇಶದ ಬಸ್ಸು, ಪ್ರಾದೇಶಿಕ ರೈಲು ಉಚಿತ.

ಹೊಸಬ_ಡ್ಯೂಸಲ್‌ಡಾರ್ಫ್

ನಡುವೆ ನನ್ನದೊಂದು ಪ್ರಶ್ನೆ. ಬಂದು ಸ್ವಲ್ಪ ದಿನ ಆಯಿತಷ್ಟೇ. ನಿಲ್ದಾಣದಲ್ಲಿ ನಮ್ಮ ಮೆಟ್ರೋದ ಹಾಗೆ ಗೇಟೇ ಇಲ್ಲವಲ್ಲ, ಟಿಕೆಟ್ ಯಾವಾಗ ನೋಡುತ್ತಾರೆ? ಆಮೇಲೆ, ಮೊನ್ನೆ ನನ್ನ ಗಾಡಿ ಒಂದೂಕಾಲು ಗಂಟೆ ತಡವಾಯಿತು. ದುಡ್ಡು ವಾಪಸ್ ಸಿಗುತ್ತೆ ಅಂತಾರೆ, ಹೇಗೆ ಕೇಳೋದು?

ಆಖೆನ್_ವಿದ್ಯಾರ್ಥಿ

ಗೇಟಿಲ್ಲ, ಆದರೆ ಚೆಕಿಂಗ್ ಇದೆ. ಮಾಮೂಲಿ ಬಟ್ಟೆಯಲ್ಲೇ ಬಂದು ಕಾರ್ಡ್ ತೋರಿಸಿ ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ 60 ಯೂರೋ. ಭಾಷೆ ಗೊತ್ತಿಲ್ಲ, ಹೊಸಬ ಅಂದರೂ ಬಿಡಲ್ಲ. ಮೆಷಿನ್‌ನಿಂದ ಕಾಗದದ ಟಿಕೆಟ್ ಕೊಂಡರೆ ಬಹಳ ಊರಲ್ಲಿ ಅದಕ್ಕೆ ಮುದ್ರೆ ಒತ್ತಬೇಕು. ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯಲ್ಲಿ ಅಥವಾ ಟ್ರಾಮಿನ ಒಳಗೆ ಸಣ್ಣ ಪೆಟ್ಟಿಗೆ ಇರುತ್ತೆ, ಚೀಟಿಯ ತುದಿ ತೂರಿಸಿದರೆ ಟಕ್ ಅಂತ ಹೊತ್ತು ಅಚ್ಚಾಗುತ್ತೆ. ಮುದ್ರೆ ಇಲ್ಲದ ಟಿಕೆಟ್‌ಗೆ ಬೆಲೆ ಇಲ್ಲ. ಆ್ಯಪ್ ಟಿಕೆಟ್ ಆದರೆ ಗಾಡಿ ಹತ್ತುವ ಮುಂಚೆ ಕೊಂಡಿರಬೇಕು, ಫೋನಿನ ಚಾರ್ಜ್ ಮುಗಿಯಬಾರದು.

ತಡದ ಪರಿಹಾರ: ಕೊನೆಯ ನಿಲ್ದಾಣಕ್ಕೆ 60 ನಿಮಿಷ ತಡವಾದರೆ ಟಿಕೆಟ್ ದರದ ನೂರಕ್ಕೆ 25, 120 ನಿಮಿಷವಾದರೆ 50. ಆ್ಯಪ್‌ನಲ್ಲಿ ಕೊಂಡಿದ್ದರೆ ಆ ಟಿಕೆಟ್ ತೆರೆದು ಅಲ್ಲಿಂದಲೇ ಅರ್ಜಿ ಹಾಕಬಹುದು, ಕೌಂಟರ್‌ಗೆ ಹೋಗಬೇಕಿಲ್ಲ. ಮೂರು ತಿಂಗಳೊಳಗೆ ಕೇಳಬೇಕು. ಬರುವ ಮೊತ್ತ 4 ಯೂರೋಗಿಂತ ಕಡಿಮೆ ಇದ್ದರೆ ಕೊಡಲ್ಲ. ಭಾರಿ ಬಿರುಗಾಳಿಯಂಥ ಕಾರಣಕ್ಕೆ ನಿಂತಿದ್ದರೆ ಈಗ ಪರಿಹಾರ ಇಲ್ಲ.

ರಾತ್ರಿ ಕೊನೆಯ ಗಾಡಿಯೇ ರದ್ದಾಗಿ, ನಡುರಾತ್ರಿ ಒಳಗೆ ಬೇರೆ ದಾರಿಯಿಲ್ಲ ಅಂದರೆ ಟ್ಯಾಕ್ಸಿ ಬಾಡಿಗೆ 120 ಯೂರೋ ತನಕ ವಾಪಸ್ ಕೇಳಬಹುದು. ಅದಕ್ಕೆ ಮೊದಲು ನಿಲ್ದಾಣದಲ್ಲಿ ಸಿಬ್ಬಂದಿ ಇದ್ದಾರಾ ನೋಡಿ, ಇದ್ದರೆ ಅವರನ್ನ ಕೇಳಲೇಬೇಕು. ಟ್ಯಾಕ್ಸಿಯವರಿಂದ ರಸೀದಿ ತೆಗೆದುಕೊಳ್ಳಿ, ಅದಿಲ್ಲದೆ ಅರ್ಜಿ ನಡೆಯಲ್ಲ.

ತುಂಗಾತೀರ

ಬೆಣ್ಣೆನಗರಿ ಅವರಿಗೆ ಇನ್ನೊಂದು ಮಾತು. ಅಮ್ಮನಿಗೆ ಗಾಡಿ ಹತ್ತಿ ಇಳಿಯೋಕೆ ಸಹಾಯ ಬೇಕಿದ್ದರೆ ರೈಲ್ವೆಯ ಮೊಬಿಲಿಟಿ ಸರ್ವಿಸ್ ಇದೆ. ದೊಡ್ಡ ನಿಲ್ದಾಣಗಳಲ್ಲಿ ಗಾಲಿಕುರ್ಚಿ, ಲಿಫ್ಟ್, ಜೊತೆಗೆ ಬರುವ ಸಿಬ್ಬಂದಿ ಎಲ್ಲಾ ಉಚಿತ. ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಅಥವಾ ಫೋನ್ ಮಾಡಿ ಹೇಳಿರಬೇಕು. ಬರ್ಲಿನ್ ಮುಖ್ಯ ನಿಲ್ದಾಣದಲ್ಲಿ ಗಾಡಿಗಳು ಮೇಲಿನ ಅಂತಸ್ತಿನಲ್ಲೂ ನೆಲದಡಿಯಲ್ಲೂ ನಿಲ್ಲುತ್ತವೆ. ಮ್ಯೂನಿಕ್ ಐಸಿಇಗಳು ಸಾಮಾನ್ಯವಾಗಿ ಕೆಳಗೆ. ಅಲ್ಲಿ ಗಾಜಿನ ಲಿಫ್ಟ್‌ಗೆ ಯಾವಾಗಲೂ ಸಾಲು, ಹೊರಡುವ ಅರ್ಧ ಗಂಟೆ ಮುಂಚೆಯೇ ಪ್ಲಾಟ್‌ಫಾರ್ಮಿನಲ್ಲಿರಿ. ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತೆ ಅಂತ ಆ್ಯಪ್‌ನಲ್ಲಿ ನೋಡಿ ಅಲ್ಲೇ ಅಮ್ಮನನ್ನ ಕೂರಿಸಿ. ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸೋದೂ ಇದೆ, ಅದಕ್ಕೆ ಒಬ್ಬರ ಕಣ್ಣು ಬೋರ್ಡಿನ ಮೇಲಿರಲಿ.